ಅಡುಗೆ ಕಟ್ಟೆಯ ಟ್ರೈಲೊಬೈಟು

ನಮ್ಮ ಬೀದಿಯ ಮೀಟರಣ್ಣ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಳ್ಳುವ ನೌಕರರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದೇ ಒಂದು ಕಾಲಂ ಖಾಲಿ ಬಿಟ್ಟವರಲ್ಲ. ಮೀಟರ್ ಕೆಟ್ಟಿದ್ದರೆ ಬೇರೆಯವರು ಒಂದು ಅಡ್ಡಗೆರೆ ಎಳೆದು ಮುಂದಿನ ಮನೆಗೆ ಹೋಗುತ್ತಾರೆ. ಮೀಟರಣ್ಣ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ, 'ಗಾಜಿನೊಳಗೆ ಜೇಡ ಇದೆ, ಆರೋಗ್ಯವಾಗಿದೆ' ಎಂದು ಬರೆದು ಬರುತ್ತಾರೆ. ಖಾಲಿ ಕಾಲಂ ಕಂಡ ದಿನ ಅವರಿಗೆ ಊಟ ಸೇರುವುದಿಲ್ಲ. ಇಂಥ ಕರ್ತವ್ಯನಿಷ್ಠೆಯಿಂದಾಗಿ ಅವರ ಮನೆಯ ಒಲೆ ವಾರದ ಮಟ್ಟಿಗೆ ನೆಲಕ್ಕೆ ಇಳಿಯಿತು.

ಮೊದಲು ಕಟ್ಟೆಯ ವಿಷಯ ಹೇಳಬೇಕು. ಹಳೆಯ ಅಡುಗೆ ಕಟ್ಟೆಯನ್ನು ಕಟ್ಟಿಸಿದ್ದು ಮೀಟರಣ್ಣನ ತಾಯಿ, ತಮ್ಮ ಎತ್ತರಕ್ಕೆ. ಆಕೆ ಗಿಡ್ಡ ಆಳು. ಬಂದ ಸೊಸೆಯೋ ಬೀದಿಗೇ ಎತ್ತರ. ಈ ಸೊಸೆಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅಕ್ಕ ಹನ್ನೆರಡು ವರ್ಷ ಬಗ್ಗಿ ಹೆಚ್ಚಿದರು, ಬಗ್ಗಿ ಬೇಯಿಸಿದರು, ಬಗ್ಗಿ ಒರೆಸಿದರು. ಅತ್ತೆ ತೀರಿಕೊಂಡ ಮೇಲೂ ಕಟ್ಟೆ ಅತ್ತೆಯ ಎತ್ತರದಲ್ಲೇ ಇತ್ತು. ಕೊನೆಗೆ ವೈದ್ಯರು 'ಇನ್ನು ಬಗ್ಗಬಾರದು' ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಬರವಣಿಗೆಯಲ್ಲಿ ಬಂದದ್ದನ್ನು ಮೀಟರಣ್ಣ ಎಂದೂ ಮೀರಿದವರಲ್ಲ. ಒಂದು ಸೋಮವಾರ ಗಾರೆಯವರು ಬಂದು ಹಳೆಯದನ್ನು ಒಡೆದು, ಮೊದಲಿಗಿಂತ ಒಂದು ಗೇಣು ಎತ್ತರಕ್ಕೆ ಕಪ್ಪು ಕಲ್ಲಿನ ಹೊಸ ಕಟ್ಟೆ ಕೂರಿಸಿ ಹೋದರು. ಆ ಸಂಜೆ ಅಕ್ಕ ನೆಟ್ಟಗೆ ನಿಂತು ಅಡುಗೆ ಮಾಡಿದರು. ಪಕ್ಕದ ಮನೆಯ ಅಜ್ಜಿ ಬಂದು, "ನಿಮ್ಮನೇಗೆ ಯಾರು ನೆಂಟರು ಬಂದಿರೋದು?" ಎಂದು ಕೇಳಿದರು. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನ ಮುಖವನ್ನು ಅವರು ನೋಡಿದ್ದು ಅದೇ ಮೊದಲು.

ಬುಧವಾರ ಅಕ್ಕನಿಗೆ ಒಲೆಯ ಪಕ್ಕದಲ್ಲಿ, ಕಲ್ಲಿನಲ್ಲೇ, ಹೆಬ್ಬೆರಳಿನಷ್ಟು ದೊಡ್ಡ ಕಲೆಯೊಂದು ಕಂಡಿತು. ಮೈತುಂಬ ಅಡ್ಡಡ್ಡ ಗೆರೆ. ಪಾಲಿಶ್ ಹಾಕುವಾಗ ಯಾವುದೋ ಜಿರಳೆ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಅವರು ಸೋಪು ಹಾಕಿ ಉಜ್ಜಿದರು, ಬ್ರಷ್ಷಿನಲ್ಲಿ ತಿಕ್ಕಿದರು. ಕೊನೆಗೆ ಚಾಕು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಹೊಸ ಕಟ್ಟೆ ನೋಡಲೆಂದು ಮಹಡಿ ಮನೆಯ ವಿಜ್ಞಾನದ ಟೀಚರು ಒಳಗೆ ಬಂದರು.

"ಅಯ್ಯೋ ಅಕ್ಕ, ಕೆರೀಬೇಡಿ! ಇದು ಟ್ರೈಲೊಬೈಟು!"

"ಯಾವ ಕಂಪನಿದು?" ಎಂದರು ಮೀಟರಣ್ಣ.

"ಕಂಪನಿದಲ್ಲ ಅಣ್ಣ, ಪ್ರಾಣಿ. ಕೇಂಬ್ರಿಯನ್ ಕಾಲದ್ದು. ಐವತ್ತೊಂದು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಓಡಾಡ್ಕೊಂಡಿತ್ತು. ಆಗ ನೆಲದ ಮೇಲೆ ಮರ ಇಲ್ಲ, ಹುಲ್ಲಿಲ್ಲ, ಹಕ್ಕಿ ಇಲ್ಲ. ಇದ್ದಬದ್ದ ಜೀವ ಎಲ್ಲಾ ನೀರಲ್ಲೇ."

"ಧೂಳು?" ಎಂದು ಅಕ್ಕ ಕೇಳಿದರು.

"ಧೂಳಿತ್ತು ಅನ್ಸುತ್ತೆ. ಗುಡಿಸೋರು ಇರ್ಲಿಲ್ಲ."

"ಒಳ್ಳೇ ಕಾಲ."

ಟೀಚರಿಗೆ ಉತ್ಸಾಹ ಬಂದುಬಿಟ್ಟಿತು. "ಪ್ರಪಂಚದಲ್ಲಿ ಮೊದಮೊದಲು ಕಣ್ಣು ಬಿಟ್ಟು ನೋಡಿದ ಪ್ರಾಣಿಗಳಲ್ಲಿ ಇದೂ ಒಂದು ಗೊತ್ತಾ? ಅದಕ್ಕೆ ಮುಂಚೆ ಯಾರಿಗೂ ಸರಿಯಾಗಿ ಕಣ್ಣೇ ಇರ್ಲಿಲ್ಲ."

"ಕಣ್ಣು ಬಿಟ್ಟು ಏನು ನೋಡ್ತಂತೆ?" ಮೀಟರಣ್ಣ ಕೇಳಿದರು.

"ಪಕ್ಕದಲ್ಲಿರೋ ಇನ್ನೊಂದು ಟ್ರೈಲೊಬೈಟನ್ನ ನೋಡಿರುತ್ತೆ."

"ಹಾಗಾದ್ರೆ ಅವತ್ತಿಂದ ನಡ್ಕೊಂಡು ಬಂದಿದೆ, ಪಕ್ಕದ ಮನೆ ನೋಡೋ ಚಾಳಿ," ಎಂದು ಅಕ್ಕ ಚಾಕುವನ್ನು ಒಳಗಿಟ್ಟರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ಕಲೆ ಹೋಗುವುದಿಲ್ಲ, ಇರಲಿ. ಕಟ್ಟೆ ಎತ್ತರವಾಗಿದೆ, ಅಷ್ಟು ಸಾಕು.

ವಿಷಯವನ್ನು ಮುಗಿಯಲು ಬಿಡದವರು ಅಕ್ಕನ ಅಣ್ಣ. ಅಂಚೆ ಇಲಾಖೆಯಿಂದ ನಿವೃತ್ತರಾದ ಮನುಷ್ಯ. ಅವರ ಮನೆಯ ಗೋಡೆಯಲ್ಲಿ ನೂರ ಹನ್ನೊಂದು ವರ್ಷದ ಗಡಿಯಾರವಿದೆ. ಅದು ನಡೆಯುವುದಿಲ್ಲ. ಆದರೆ ಪಕ್ಕದಲ್ಲಿ, ಅದು ಪುರಾತನ ವಸ್ತು ಎಂದು ನಗರಸಭೆ ಕೊಟ್ಟ ಪ್ರಮಾಣಪತ್ರ ಗಾಜಿನ ಚೌಕಟ್ಟಿನಲ್ಲಿ ನೇತಾಡುತ್ತದೆ. ಭಾನುವಾರ ತಂಗಿಯ ಮನೆಗೆ ಬಂದಾಗಲೆಲ್ಲ ಅವರು ಕಾಫಿ ಲೋಟ ಹಿಡಿದು ಆ ಗಡಿಯಾರದ ವಯಸ್ಸನ್ನು ಒಮ್ಮೆ ಹೇಳಿಯೇ ಹೇಳುತ್ತಾರೆ. ಹನ್ನೆರಡು ವರ್ಷ ಮೀಟರಣ್ಣ ಅದನ್ನು ಕೇಳಿ 'ಹೌದಾ ಭಾವ' ಎನ್ನುತ್ತ ಬಂದಿದ್ದರು. ಆ ಭಾನುವಾರ ಹಾಗೆನ್ನಲಿಲ್ಲ.

"ನೂರ ಹನ್ನೊಂದು ವರ್ಷ ಭಾವ! ಸಾಮಾನ್ಯನಾ?" ಎಂದರು ಅಕ್ಕನ ಅಣ್ಣ. ಅವರಿಬ್ಬರೂ ಒಬ್ಬರಿಗೊಬ್ಬರು ಭಾವ.

"ನಮ್ಮನೇಲಿ ಐವತ್ತೊಂದು ಕೋಟಿ ವರ್ಷದ್ದಿದೆ ಭಾವ."

ಲೋಟ ಅರ್ಧದಲ್ಲೇ ನಿಂತಿತು. "ಏನದು?"

"ಪ್ರಾಣಿ."

"ಎಲ್ಲಿದೆ?"

"ಒಲೆ ಪಕ್ಕ."

ಅಕ್ಕನ ಅಣ್ಣ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. "ಇದು ಜಿರಳೆ."

"ಟ್ರೈಲೊಬೈಟು ಭಾವ. ಟೀಚರ್ ಹೇಳಿದ್ದಾರೆ."

"ಬಾಯಲ್ಲಿ ಹೇಳಿದ್ದಾರೆ. ಪ್ರಮಾಣಪತ್ರ ಎಲ್ಲಿ? ಕಾಗದ ಇಲ್ಲದ ಮೇಲೆ ಐವತ್ತೊಂದು ಕೋಟಿ ಆದ್ರೇನು, ನಿನ್ನೆ ಸತ್ತದ್ದಾದ್ರೇನು? ನೀವು ಸರ್ಕಾರಿ ನೌಕರರು, ನಿಮಗೆ ನಾನು ಹೇಳಿಕೊಡಬೇಕಾ?"

"ಅಣ್ಣ, ನಿನ್ನ ಗಡಿಯಾರ ಮೊದಲು ಗಂಟೆ ಎಷ್ಟು ಅಂತ ಹೇಳ್ಲಿ," ಎಂದು ಅಕ್ಕ ಒಳಗಿನಿಂದಲೇ ಕೂಗಿದರು. ಆದರೆ ಮೀಟರಣ್ಣನ ಕಿವಿಗೆ ಅದು ಬೀಳಲಿಲ್ಲ. ಗಾಜಿನ ಚೌಕಟ್ಟನ್ನು ಯಾವ ಗೋಡೆಗೆ ಹೊಡೆಯುವುದು ಎಂದು ಅವರು ಆಗಲೇ ಅಳೆಯುತ್ತಿದ್ದರು.

ಸೋಮವಾರ ಅರ್ಧ ದಿನ ರಜೆ ಹಾಕಿ ನಗರಸಭೆ ಕಚೇರಿಗೆ ಹೋದರು. ಬಾಗಿಲಲ್ಲಿ ಕೂತಿದ್ದವರು, "ಏನು, ವಸ್ತುನಾ, ಪ್ರಾಣಿನಾ?" ಎಂದರು. 'ವಸ್ತು' ಎಂದು ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೀಟರಣ್ಣ ಸುಳ್ಳು ಹೇಳುವ ಜಾತಿಯವರಲ್ಲ.

"ಪ್ರಾಣಿ."

"ಮೂರನೇ ಕಿಟಕಿ."

ಮೂರನೇ ಕಿಟಕಿಯ ಹೆಂಗಸು ತಲೆಯೆತ್ತದೆ ಒಂದು ಅರ್ಜಿ ಕೊಟ್ಟರು. ಮೇಲೆ 'ಸಾಕುಪ್ರಾಣಿ ನೋಂದಣಿ' ಎಂದು ಅಚ್ಚಾಗಿತ್ತು. ಮೀಟರಣ್ಣ ಅದನ್ನು ಓದಲಿಲ್ಲ. ಕೆಳಗಿದ್ದ ಕಾಲಂಗಳನ್ನು ಎಣಿಸಿದರು. ಮೂವತ್ತೊಂದು! ಅವರ ಮುಖ ಅರಳಿತು. ಬೆಂಚಿನ ಮೇಲೆ ಕೂತು, ಪೆನ್ನಿನ ಮೂತಿ ಒರೆಸಿಕೊಂಡು, ಪರೀಕ್ಷೆಗೆ ಕೂತವರಂತೆ ಶುರುಮಾಡಿದರು. ಪ್ರಾಣಿಯ ಜಾತಿ: ಟ್ರೈಲೊಬೈಟು. ಬಣ್ಣ: ಕಪ್ಪು. ಮಲಗುವ ಸ್ಥಳ: ಅಡುಗೆಮನೆ. ಕಚ್ಚುವ ಅಭ್ಯಾಸ: ಇಲ್ಲಿಯವರೆಗೆ ಇಲ್ಲ. ಮನೆಗೆ ತಂದ ದಿನಾಂಕ: ಕಳೆದ ಸೋಮವಾರ, ಬೆಳಿಗ್ಗೆ ಹತ್ತೂವರೆ. ಹಿಂದಿನ ಮಾಲೀಕರು: ಸಮುದ್ರ. ಲಸಿಕೆ ಹಾಕಿಸಿದೆಯೇ: ಇಲ್ಲ. ಇಲ್ಲದಿದ್ದರೆ ಎಷ್ಟು ಕಾಲದಿಂದ ಇಲ್ಲ: ಮೊದಲಿನಿಂದಲೂ.

ವಯಸ್ಸಿನ ಕಾಲಮ್ಮಿನಲ್ಲಿ ಮಾತ್ರ ತೊಡಕಾಯಿತು. ಅಲ್ಲಿ ಎರಡೇ ಚೌಕ ಇದ್ದವು.

"ಮೇಡಂ, ನನಗೆ ಒಂಬತ್ತು ಚೌಕ ಬೇಕು."

"ಆನೆಗೇ ಎರಡು ಸಾಕಾಗುತ್ತೆ ರೀ. ಅದರಲ್ಲೇ ಮುಗಿಸಿ."

ಮೀಟರಣ್ಣ ಸ್ಕೇಲು ಕೇಳಿ ಪಡೆದು, ಇನ್ನೂ ಏಳು ಚೌಕಗಳನ್ನು ತಾವೇ ಗೆರೆ ಎಳೆದು ಮಾಡಿಕೊಂಡು, ಒಂಬತ್ತನ್ನೂ ತುಂಬಿಸಿದರು. ಕಿಟಕಿಯ ಹೆಂಗಸು ಏನು ಬರೆದಿದೆ ಎಂದು ನೋಡಲಿಲ್ಲ. ಎಲ್ಲ ಬರೆದಿದೆಯೇ ಎಂದಷ್ಟೇ ನೋಡಿ, "ನೀವೊಬ್ರೇ ರೀ ಪೂರ್ತಿ ತುಂಬಿದೋರು," ಎಂದು ಠಸ್ಸೆ ಒತ್ತಿದರು. ಮೀಟರಣ್ಣ ಆ ಹೊಗಳಿಕೆಯನ್ನು ದಾರಿಯುದ್ದಕ್ಕೂ ಮೆಲುಕು ಹಾಕುತ್ತ ಮನೆಗೆ ಬಂದರು.

ಬುಧವಾರ ಬೆಳಿಗ್ಗೆ ಮನೆಯ ಮುಂದೆ ವ್ಯಾನು ನಿಂತಿತು. ಪ್ರಮಾಣಪತ್ರವನ್ನು ಮನೆಗೇ ತಂದುಕೊಡುತ್ತಾರೆಂದು ಮೀಟರಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲು ತೆರೆದರು. ಇಳಿದವರು ಪ್ರಾಣಿ ಆರೋಗ್ಯ ನಿರೀಕ್ಷಕರು. ಮೊಣಕೈವರೆಗೆ ಚರ್ಮದ ಕೈಗವಸು. ಹಿಂದೆ ಬಲೆ ಹಿಡಿದ ಚಾಲಕ.

"ಕಟ್ಟಿ ಹಾಕಿದೀರಾ?"

"ಎಲ್ಲೂ ಹೋಗಲ್ಲ ಸಾರ್. ಕಲ್ಲಲ್ಲೇ ಇದೆ."

ನಿರೀಕ್ಷಕರು ಬಾಗಿಲ ಮರೆಯಿಂದ ಇಣುಕಿ, ಒಂದೊಂದೇ ಹೆಜ್ಜೆ ಇಟ್ಟು ಕಟ್ಟೆಯ ಹತ್ತಿರ ಬಂದು ನೋಡಿದರು.

"ಅಲ್ಲಾಡ್ತಿಲ್ಲ."

"ಇಲ್ಲ ಸಾರ್."

"ಎಷ್ಟು ಹೊತ್ತಿಂದ?"

"ಐವತ್ತೊಂದು ಕೋಟಿ ವರ್ಷದಿಂದ."

ನಿರೀಕ್ಷಕರು 'ಮಂಕಾಗಿದೆ' ಎಂದು ಬರೆದುಕೊಂಡರು.

ಅಕ್ಕ ಸೌಟು ಹಿಡಿದೇ ಮುಂದೆ ಬಂದರು. "ಸಾರ್, ಅದು ಸತ್ತು ಕಲ್ಲಾಗಿದೆ. ಕಣ್ಣಿಗೆ ಕಾಣಲ್ವಾ?"

"ಕಾಣುತ್ತಮ್ಮ, ನಾನೇನು ಕುರುಡ ಅಲ್ಲ," ಎಂದು ನಿರೀಕ್ಷಕರು ಸ್ವಲ್ಪ ನೊಂದುಕೊಂಡರು. "ಆದ್ರೆ ದಾಖಲೇಲಿ ಸಾಕುಪ್ರಾಣಿ ಅಂತಿದೆ. ಸಹಿ ನಿಮ್ಮ ಯಜಮಾನ್ರದ್ದು. ಸತ್ತಿದೆ ಅಂತ ಬರೀಬೇಕಾದ್ರೆ ವೈದ್ಯರು ನಾಡಿ ನೋಡಬೇಕು. ಇದರ ನಾಡಿ ಎಲ್ಲಿದೆ ಅಂತ ಗೊತ್ತಿರೋ ವೈದ್ಯರು ನಮ್ಮಲ್ಲಿಲ್ಲ. ಸಿಗೋವರೆಗೂ ಇದು ಬದುಕಿದೆ."

"ಆಮೇಲೆ?"

"ಲಸಿಕೆ ಇಲ್ಲದ ಪ್ರಾಣಿ. ಹತ್ತು ದಿನ ನಿಗಾದಲ್ಲಿಡಬೇಕು. ಅದಿರೋ ಜಾಗದಲ್ಲಿ ಅಡುಗೆ ಮಾಡೋ ಹಾಗಿಲ್ಲ. ಯಜಮಾನ್ರೇ, ದಿನಾ ಇದರಲ್ಲಿ ಬರೀತಾ ಹೋಗಿ." ಒಂದು ಪುಸ್ತಕ ಮೀಟರಣ್ಣನ ಕೈಗೆ ಬಂತು. ಕಟ್ಟೆಯ ಈ ತುದಿಯಿಂದ ಆ ತುದಿಗೆ ಕೆಂಪು ಟೇಪು ಬಿತ್ತು.

ವ್ಯಾನು ಹೋದ ಮೇಲೆ ಅಕ್ಕ ಒಲೆಯನ್ನು ಎತ್ತಿ ನೆಲದ ಮೇಲಿಟ್ಟರು. ಕುಕ್ಕರುಗಾಲಿನಲ್ಲಿ ಕೂತರು. ಗಂಡನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ನಿಮ್ಮಮ್ಮನ ಎತ್ತರದಿಂದ ಇರುವೆ ಎತ್ತರಕ್ಕೆ ಇಳಿಸಿದ್ರಲ್ರೀ."

ಬೀದಿಗೆ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಲೆ ಹಿಡಿದವನನ್ನು ಎಲ್ಲರೂ ನೋಡಿದ್ದರು. ಎದುರು ಮನೆಯ ದರ್ಜಿ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದರು. "ಮೀಟರಣ್ಣ, ನನ್ನ ಗಿರಾಕಿಗಳು ನಿಮ್ಮ ಬಾಗಿಲ ಮುಂದೆಯೇ ಬರಬೇಕು. ಅದರ ಮೂತಿಗೆ ಏನಾದ್ರೂ ಕಟ್ಟಿ. ಬೇಕಾದ್ರೆ ನಾನೇ ಹೊಲಿದು ಕೊಡ್ತೀನಿ, ಅಳತೆ ಕೊಡಿ." ಮೂಲೆ ಮನೆಯ ನಿವೃತ್ತ ಕಂಡಕ್ಟರು, "ಇಷ್ಟು ಕೋಟಿ ವರ್ಷ ತೆಪ್ಪಗಿದ್ದದ್ದು ನಮ್ಮ ಕಾಲಕ್ಕೇ ಏಳ್ಬೇಕಾ?" ಎಂದು ಬೇಸರಪಟ್ಟುಕೊಂಡರು. ಪಕ್ಕದ ಮನೆಯ ಅಜ್ಜಿ ಮಾತ್ರ ಒಂದು ಬಟ್ಟಲು ನೀರು ತಂದು ಟೇಪಿನ ಕೆಳಗೆ ನೂಕಿದರು. "ಸಮುದ್ರದ್ದಂತೆ ಪಾಪ. ಉಪ್ಪು ಹಾಕಿದೀನಿ."

ಮೀಟರಣ್ಣ ದಿನಕ್ಕೆರಡು ಸಲ ಪುಸ್ತಕ ತುಂಬಿದರು. 'ಗುರುವಾರ ಬೆಳಿಗ್ಗೆ. ಆಹಾರ: ಇಲ್ಲ. ನೀರು: ಅಜ್ಜಿ ತಂದದ್ದು, ಮುಟ್ಟಿಲ್ಲ. ಓಡಾಟ: ಇಲ್ಲ. ನಡವಳಿಕೆ: ಸಭ್ಯ.' 'ಶುಕ್ರವಾರ ಸಂಜೆ. ಆಹಾರ: ಇಲ್ಲ. ದೃಷ್ಟಿ: ಒಂದೇ ಕಡೆ. ಅತಿಥಿಗಳು: ಹದಿನಾಲ್ಕು ಜನ, ಮುಟ್ಟಿದವರು ಇಬ್ಬರು.' ಶನಿವಾರ ಸಂಜೆ ಪುಸ್ತಕದ ಪ್ರತಿಯನ್ನು ಕಚೇರಿಗೆ ಕಳಿಸಿಯೂ ಕೊಟ್ಟರು. ಹಾಗೆ ಕಳಿಸಬೇಕೆಂದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅಲ್ಲಿಯವರೆಗೆ ಓದಿದ ಮೊದಲ ಮನುಷ್ಯ ಅವರೇ ಇರಬೇಕು.

ಸೋಮವಾರ ಮಧ್ಯಾಹ್ನ ಎರಡನೆಯ ನೋಟೀಸು ಬಂತು. 'ತಾವು ಸದರಿ ಪ್ರಾಣಿಗೆ ಮೂರು ದಿನಗಳಿಂದ ಆಹಾರ ನೀಡದೆ ಹಿಂಸಿಸಿರುವುದು ತಮ್ಮದೇ ಬರವಣಿಗೆಯಿಂದ ಸಾಬೀತಾಗಿದೆ. ಆದಕಾರಣ ಮಂಗಳವಾರ ಹನ್ನೊಂದು ಗಂಟೆಗೆ ಪ್ರಾಣಿಯನ್ನು ಅದರ ಹಾಸಿಗೆ ಸಮೇತ ವಶಪಡಿಸಿಕೊಳ್ಳಲಾಗುವುದು.'

ಮೀಟರಣ್ಣ ಅದನ್ನು ಎರಡು ಸಲ ಓದಿದರು. ಹಾಸಿಗೆ ಎಂದರೆ ಏನು ಎಂದು ಮೂರನೆಯ ಸಲಕ್ಕೆ ಹೊಳೆಯಿತು. ಅಕ್ಕನಿಗೆ ಮೊದಲ ಸಲಕ್ಕೇ ಹೊಳೆದಿತ್ತು.

"ಕಲ್ಲು ಕಿತ್ಕೊಂಡು ಹೋಗ್ತಾರೆ."

"ನಾನು ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ ಕಣೇ."

"ಅದೇ ನಿಮ್ಮ ತೊಂದ್ರೆ. ತಪ್ಪು ಬರೆಯೋರ ಹೆಂಡ್ತೀರೆಲ್ಲ ನಿಂತ್ಕೊಂಡು ಅಡುಗೆ ಮಾಡ್ತಿದಾರೆ." ಅಕ್ಕ ನೆಲದಿಂದ ಏಳಲು ಹೋದರು, ಸೊಂಟ ಬರಲಿಲ್ಲ. ಗೋಡೆ ಹಿಡಿದು, ಮೊಣಕಾಲಿಗೆ ಕೈಯೂರಿ, ಎರಡು ಕಂತಿನಲ್ಲಿ ಎದ್ದರು. "ನೋಡಿ, ನಾನು ಕೂಗಾಡಲ್ಲ. ನಾಳೆ ಈ ಕಟ್ಟೆ ಹೋದ್ರೆ ನಾನು ಅಣ್ಣನ ಮನೆಗೆ ಹೋಗ್ತೀನಿ. ನೀವೂ ನಿಮ್ಮ ಪ್ರಾಣಿಯೂ ಸಭ್ಯವಾಗಿರಿ."

ಅಕ್ಕ ಕೂಗಾಡಿದ್ದರೆ ಮೀಟರಣ್ಣ ಹೆದರುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಕಚೇರಿಗೆ ಓಡಿದರು. ಮೂರನೇ ಕಿಟಕಿಯ ಹೆಂಗಸು ಗುರುತು ಹಿಡಿದು ನಕ್ಕರು. "ಬನ್ನಿ ಬನ್ನಿ, ಪೂರ್ತಿ ತುಂಬಿದೋರು! ರದ್ದು ಮಾಡ್ಬೇಕಾ? ಅದು ಏಳನೇ ಕಿಟಕಿ. ಬುಧವಾರ ತೆಗೀತಾರೆ."

"ಮಂಗಳವಾರವೇ ಕಿತ್ಕೊಂಡು ಹೋಗ್ತಾರಲ್ಲ ಮೇಡಂ!"

"ಹಾಗಾದ್ರೆ ಬುಧವಾರ ಬನ್ನಿ, ಜನ ಕಡಿಮೆ ಇರ್ತಾರೆ."

ಮೀಟರಣ್ಣ ಮೆಟ್ಟಿಲಿಳಿದು ಬಂದು, ಮನೆಗೆ ಹೋಗುವ ಧೈರ್ಯವಿಲ್ಲದೆ, ಮಹಡಿ ಮನೆಯ ಟೀಚರ ಬಾಗಿಲು ತಟ್ಟಿದರು. "ಮೇಡಂ, ಅದರ ನಾಡಿ ಎಲ್ಲಿರುತ್ತೆ?" ಎಂದು ಕೇಳಿದರು.

ಮಂಗಳವಾರ ಹನ್ನೊಂದಕ್ಕೆ ವ್ಯಾನು ಬಂತು. ನಿರೀಕ್ಷಕರ ಜೊತೆ ಹಾರೆ ಹಿಡಿದ ನಾಲ್ವರು. ಅಕ್ಕನ ಅಣ್ಣ ಹತ್ತೂವರೆಗೇ ಬಂದು, ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ಹಾಕಿಕೊಂಡಿದ್ದರು. ದರ್ಜಿ, ಕಂಡಕ್ಟರು, ಅಜ್ಜಿ, ನಾವೆಲ್ಲ ನಡುಮನೆಯಲ್ಲಿ. ಅಕ್ಕ ನೆಲದ ಒಲೆಯ ಮುಂದೆ ಕೂತು, ಏನೂ ಆಗುತ್ತಿಲ್ಲವೆಂಬಂತೆ, ಬೀನ್ಸು ಮುರಿಯುತ್ತಿದ್ದರು. ಬಾಗಿಲ ಹತ್ತಿರ ಅವರ ಬಟ್ಟೆಯ ಚೀಲ ತಯಾರಾಗಿತ್ತು.

"ಯಾವ ಕಡೆಯಿಂದ ಮೀಟಿದ್ರೆ ಸಲೀಸು?" ಹಾರೆಯವರಲ್ಲೊಬ್ಬ ಕೇಳಿದ.

"ತಡೀರಿ, ತಡೀರಿ!" ಟೀಚರು ಏದುಸಿರು ಬಿಡುತ್ತ ಬಂದರು. ಹಿಂದೆ ಕೊರಳಿಗೆ ಭೂತಗನ್ನಡಿ ತೂಗುಹಾಕಿಕೊಂಡ ಮುದುಕರೊಬ್ಬರು. "ಇವರು ವಸ್ತುಸಂಗ್ರಹಾಲಯದವರು. ಮೂವತ್ತು ವರ್ಷದಿಂದ ಇದೇ ನೋಡ್ತಿದಾರೆ."

"ವೈದ್ಯರಾ?" ನಿರೀಕ್ಷಕರ ಮುಖದಲ್ಲಿ ಆಸೆ ಹುಟ್ಟಿತು.

"ಕಲ್ಲಿಗೆ ವೈದ್ಯ ಅಂದ್ಕೊಳ್ಳಿ," ಎಂದ ಮುದುಕರು ಟೇಪಿನ ಕೆಳಗೆ ತಲೆ ತೂರಿಸಿ, ಭೂತಗನ್ನಡಿ ಹಿಡಿದು, ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಅಕ್ಕನ ಕೈಯಲ್ಲಿ ಬೀನ್ಸು ಮುರಿಯುವ ಸದ್ದು ನಿಂತಿತು.

"ಇದು ಪ್ರಾಣಿ ಅಲ್ಲ," ಎಂದರು ಮುದುಕರು.

"ಜಿರಳೆ!" ಎಂದು ಅಕ್ಕನ ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟರು.

"ಅದೂ ಅಲ್ಲ. ಇದು ಟ್ರೈಲೊಬೈಟು ಕಳಚಿಟ್ಟ ಬಟ್ಟೆ. ಇವು ಬೆಳೀತಾ ಬೆಳೀತಾ ಚಿಪ್ಪು ಬಿಗಿ ಆಗುತ್ತೆ. ಆಗ ಕೆನ್ನೆ ಹತ್ತಿರ ಬಿಚ್ಕೊಂಡು, ಮುಂದಿನಿಂದ ಹೊರಗೆ ಬಂದು, ಹಳೇದನ್ನ ಅಲ್ಲೇ ಬಿಟ್ಟು ಹೋಗ್ತಾವೆ. ನೋಡಿ, ಎರಡು ಕೆನ್ನೆಯೂ ಬೇರೆಯಾಗಿ ಪಕ್ಕಕ್ಕೆ ಬಿದ್ದಿವೆ. ಒಳಗೆ ಯಾರೂ ಇಲ್ಲ."

ನಿರೀಕ್ಷಕರು ಪೆನ್ನು ತೆಗೆದರು. "ಎಲ್ಲಿಗೆ ಹೋಯ್ತು?"

"ಯಾರಿಗೆ ಗೊತ್ತು? ಸ್ವಲ್ಪ ದೊಡ್ಡದಾಗಿ, ಮುಂದಕ್ಕೆ."

"ಅಂದ್ರೆ ಭಾವನ ಮನೇಲಿರೋದು ಯಾರೋ ಬಿಟ್ಟು ಹೋದ ಹಳೇ ಬಟ್ಟೆ!" ಅಕ್ಕನ ಅಣ್ಣ ತೊಡೆ ತಟ್ಟಿಕೊಂಡು ನಕ್ಕರು. ಮೀಟರಣ್ಣ ತಲೆ ತಗ್ಗಿಸಿದರು. ಇಡೀ ವಾರ ಅವರು ನಡವಳಿಕೆ ಸಭ್ಯ ಎಂದು ಬರೆದದ್ದು ಒಂದು ಖಾಲಿ ಅಂಗಿಯ ಬಗ್ಗೆ.

"ಹಾಗಾದ್ರೆ ನೀವು ತಗೊಂಡು ಹೋಗ್ತೀರಾ?" ನಿರೀಕ್ಷಕರು ಮುದುಕರನ್ನು ಕೇಳಿದರು.

"ನಮ್ಮಲ್ಲಿ ಇಂಥವು ಮೂರು ಪೆಟ್ಟಿಗೆ ಇವೆ. ಇಡೋಕೆ ಜಾಗ ಇಲ್ಲ. ಇಲ್ಲೇ ಚೆನ್ನಾಗಿದೆ."

ನಿರೀಕ್ಷಕರು ಹಣೆಯೊರೆಸಿಕೊಂಡು ತಮ್ಮ ನಿಯಮದ ಪುಸ್ತಕ ತೆರೆದರು. ಸತ್ತಿದೆ ಎನ್ನಲು ಹೆಣವಿಲ್ಲ. ಕೊಟ್ಟಿದೆ ಎನ್ನಲು ತೆಗೆದುಕೊಂಡವರಿಲ್ಲ. ಹಾರೆಯವರು ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಾಯಿಸಿದರು. ಆಗ ಅಕ್ಕ ಗೋಡೆ ಹಿಡಿದು ಮೇಲೆದ್ದರು.

"ಸಾರ್, ನಿಮ್ಮ ಪುಸ್ತಕದಲ್ಲಿ ಬಿಟ್ಟು ಹೋದ ಬಟ್ಟೆಗೆ ಏನಾದ್ರೂ ನಿಯಮ ಇದೆಯಾ?"

ನಿರೀಕ್ಷಕರು ಮುಂದಿನಿಂದ ಹಿಂದಕ್ಕೆ ತಿರುವಿದರು, ಹಿಂದಿನಿಂದ ಮುಂದಕ್ಕೆ ತಿರುವಿದರು. "ಬಟ್ಟೆಗೆ ಇಲ್ಲಮ್ಮ."

"ಲಸಿಕೆ?"

"ಬಟ್ಟೆಗೆ ಬೇಕಿಲ್ಲ."

"ಊಟ?"

"ಬಟ್ಟೆಗೆ ಬೇಡ."

"ಹಾಗಾದ್ರೆ ಟೇಪು ತೆಗೀರಿ."

ನಿರೀಕ್ಷಕರು ಟೇಪು ತೆಗೆದರು. ಒಂದು ಹಾಳೆಯಲ್ಲಿ, 'ಪರಿಶೀಲನೆಯ ವೇಳೆ ಪ್ರಾಣಿ ಮನೆಯಲ್ಲಿ ಇರಲಿಲ್ಲ. ಬಟ್ಟೆ ಇತ್ತು' ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಪ್ರಾಣಿ ಮರಳಿ ಬಂದಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ಕಚೇರಿಗೆ ತಿಳಿಸತಕ್ಕದ್ದು.' ಹಾಳೆಯನ್ನು ಮೀಟರಣ್ಣನ ಮುಂದೆ ಚಾಚಿದರು.

ಮೀಟರಣ್ಣ ಪೆನ್ನು ಹಿಡಿದು ತಡೆದರು. ಆಗುವುದಿಲ್ಲವೆಂದು ಗೊತ್ತಿರುವುದಕ್ಕೆ ಒಪ್ಪಿ ಸಹಿ ಹಾಕಿದವರಲ್ಲ ಅವರು. ಮುದುಕರ ಕಡೆ ತಿರುಗಿ, "ಬರಬಹುದಾ ಸಾರ್?" ಎಂದರು.

ಮುದುಕರು ಭೂತಗನ್ನಡಿ ಒರೆಸಿದರು.

"ಬರಲ್ಲ," ಎಂದರು ಅಕ್ಕ. "ಸಹಿ ಹಾಕಿ ರೀ."

ಮೀಟರಣ್ಣ ಸಹಿ ಹಾಕಿದರು. ಅಕ್ಕ ನೆಲದ ಮೇಲಿನ ಒಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ಕಲ್ಲನ್ನು ಒಮ್ಮೆ ನೋಡಿ, ಆ ಗುರುತಿನಿಂದ ಒಂದು ಗೇಣು ಜಾಗ ಬಿಟ್ಟು, ಆಚೆಗೆ ಇಟ್ಟರು.

"ಇನ್ನೂ ಯಾಕೆ ಅದಕ್ಕೆ ಮರ್ಯಾದೆ? ಮೇಲೇ ಇಡಮ್ಮ, ಹಳೇ ಬಟ್ಟೆ ತಾನೇ!" ಎಂದರು ಅಣ್ಣ.

"ಇರ್ಲಿ ಬಿಡಣ್ಣ. ಕಟ್ಟೆ ದೊಡ್ಡದಿದೆ," ಎಂದು ಅಕ್ಕ ಬೆನ್ನು ನೆ‌ಟ್ಟಗೆ ಮಾಡಿ ಒಲೆ ಹಚ್ಚಿದರು.